ಒಂಬತ್ತು ಗೇಣಿನ ಕದ

ಸಾಮಿಲ್ಲು ಎದುರಾದರೆ ನಾನು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ. ಜೊತೆಗಿದ್ದವರು ನನಗೆ ದೂಳು ಆಗದು ಎಂದುಕೊಳ್ಳುತ್ತಾರೆ, ಅಂದುಕೊಳ್ಳಲಿ. ಹಳೆಯ ಸಾಗುವಾನಿ ಕೊಯ್ದಾಗ ಏಳುವ ಆ ವಾಸನೆ, ಕಾದ ಎಣ್ಣೆಗೂ ಚರ್ಮಕ್ಕೂ ನಡುವಿನದು, ಮೂಗಿಗೆ ಬಿದ್ದರೆ ಸಾಕು, ಹಗರಿಬೊಮ್ಮನಹಳ್ಳಿಯ ನಮ್ಮ ಹಿತ್ತಲಿನಲ್ಲಿ ಒಂದು ಕದದ ಮೇಲೆ ಕುಕ್ಕರಗಾಲಲ್ಲಿ ಕೂತುಬಿಡುತ್ತೇನೆ. ನನಗೆ ಎಂಟು ವರ್ಷ. ಕದ ಅಲುಗದಂತೆ ಭಾರ ಹಾಕುವುದು ನನ್ನ ಕೆಲಸ, ಕೊಯ್ಯುವುದು ಅಪ್ಪನದು.

ಆ ಮನೆ ನಮಗೆ ಎರಡನೆಯದು. ಮೊದಲನೆಯದು ನಾನು ಹುಟ್ಟುವ ಎಷ್ಟೋ ಮೊದಲೇ ಊರಿನ ಸಮೇತ ಡ್ಯಾಮಿನ ನೀರಿನಡಿ ಹೋಗಿತ್ತು. ಊರು ಬಿಡುವಾಗ ಮಂದಿ ತೊಲೆ, ಕಂಬ ಎಲ್ಲ ಬಂಡಿಗೆ ಹೇರಿದರಂತೆ. ಅಪ್ಪನ ತಾಯಿ, ನನ್ನ ಅಜ್ಜಿ, ತಲೆಬಾಗಿಲಿನ ಎರಡು ಕದ ಹೇರಿಸಿದಳು. ಹೊಸ ಮನೆಗೆ ಅವನ್ನು ಹಚ್ಚಲು ಮಾತ್ರ ಬಿಡಲಿಲ್ಲ. "ಡ್ಯಾಮಿನಾಗ ಹೂಳು ತುಂಬಾಕತ್ತೈತಿ. ಇವತ್ತಲ್ಲ ನಾಳಿ ನೀರು ನಿಲ್ಲಾಕ ಜಾಗ ಇರಂಗಿಲ್ಲ. ನಮ್ಮ ಮನಿಗೆ ಹೋದಾಗ ಬಾಗಲಾ ಎಲ್ಲಿಂದ ತರ್ಲಿ?" ಎನ್ನುತ್ತಿದ್ದಳು. ನಗುವ ಧೈರ್ಯ ಯಾರಿಗೂ ಇರಲಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಳೆಯ ಊರಿನ ಮೋಟುಗೋಡೆಗಳು ಕಂಡವೆಂದರೆ, ಓಣಿಯ ಹೆಂಗಸರೊಂದಿಗೆ ಬೆಳಗಿನ ಬಸ್ಸು ಹತ್ತುತ್ತಿದ್ದಳು. ಸಂಜೆ ಮೊಣಕಾಲತನಕ ಕೆಸರು ಮಾಡಿಕೊಂಡು ಬರುತ್ತಿದ್ದಳು. ಅಲ್ಲಿ ಹೋಗಿ ಏನು ಮಾಡುತ್ತೀ ಎಂದು ನಾವು ಒಬ್ಬರೂ ಕೇಳಿರಲಿಲ್ಲ.

ಅವ್ವ ಓಣಿಯ ಹೆಂಗಸರಿಗೆ ಕುಪ್ಪಸ ಹೊಲಿಯುತ್ತಿದ್ದಳು. ಆ ವರ್ಷ ನೆಲದ ಮೇಲಿಟ್ಟ ಗಂಟಿಗೆ ಗೆದ್ದಲು ಹತ್ತಿ, ಮದುವೆ ಹುಡುಗಿಯೊಬ್ಬಳ ಖಣ ಮಣ್ಣಾಗಿ ಹೋಯಿತು. ಅವ್ವ ಮಿಷಿನ್ನಿಗೆ ಬಟ್ಟೆ ಹೊದಿಸಿ ಸುಮ್ಮನೆ ಕೂತಳು. ಬಾಯಿ ಬಿಟ್ಟು ಏನನ್ನೂ ಕೇಳಲಿಲ್ಲ. ಮನೆಯಲ್ಲಿ ಗೆದ್ದಲು ಮುಟ್ಟದ ಮರವೆಂದರೆ ಆ ಎರಡು ಕದಗಳೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಮೂರು ದಿನ ಮಿಷಿನ್ನಿನ ಸದ್ದಿಲ್ಲದೆ ಕಳೆದ ಮೇಲೆ ಅಜ್ಜಿಯೇ ಅಪ್ಪನನ್ನು ಕರೆದಳು. "ಒಂದು ಕದ ತಗೊಂಡು ಗ್ವಾಡಿಗೆ ಬಟ್ಟಿ ಇಡಾಕ ನಾಗಂದಗಿ ಮಾಡಿಕೊಡು. ಆದ್ರ ಕೊಯ್ಯಬ್ಯಾಡ, ಮೊಳಿ ಹೊಡಿಬ್ಯಾಡ. ನಾಳಿ ಅದು ತಿರುಗಿ ಕದಾನ ಆಗಬೇಕು."

ಮರುದಿನ ಅವಳು ಹಿನ್ನೀರಿಗೆ ಹೋದಳು. ಅವಳ ಮನಸ್ಸು ತಿರುಗುವುದರೊಳಗೆ ಕೆಲಸ ಮುಗಿಸಬೇಕೆಂದು ಅಪ್ಪನಿಗೆ ಅವಸರ. ಕಂಬದಿಂದ ಮೂಲೆಯತನಕ ಗೋಡೆಯನ್ನು ಗೇಣು ಹಾಕಿ ಅಳೆದ, ಎಂಟು ಬಂತು. ಎರಡೂ ಕಡೆ ಒಂದೊಂದು ಗೇಣು ಬಿಟ್ಟು ಜಾಲಿಯ ಗೂಟ ಬಡಿಯತೊಡಗಿದ. ಗೂಟದ ಮೇಲೆ ಕದ ಮಲಗಿಸಿದರೆ ಮುಗಿಯಿತು. ಸ್ಟೂಲಿನ ಮೇಲಿಂದಲೇ ಕೂಗಿದ: "ಕದ ಎಷ್ಟು ಗೇಣು ಐತಿ ನೋಡಿ ಬಾರಲೇ!" ನಾನು ಓಡಿದೆ. ನಾಲಿಗೆ ಕಚ್ಚಿಕೊಂಡು, ಒಂದು ಕೂದಲೆಳೆಯೂ ತಪ್ಪದಂತೆ ಅಳೆದೆ. ಅಷ್ಟು ಶ್ರದ್ಧೆಯಿಂದ ನಾನು ಆಮೇಲೆ ಯಾವ ಪರೀಕ್ಷೆಯನ್ನೂ ಬರೆದಿಲ್ಲ. "ಒಂಬತ್ತು!"

"ಥೂ ಇದರ, ಒಂದು ಗೇಣು ಹೆಚ್ಚಾತು" ಎಂದ ಅಪ್ಪ ಕೆಳಗಿಳಿದು ಗರಗಸ ಹುಡುಕಿದ. ಅವ್ವ ಅಡ್ಡ ಬಂದಳು. "ಬ್ಯಾಡ್ರಿ. ಅತ್ತಿ ಬರ್ಲಿ, ಕೇಳಿ ಕೊಯ್ಯಿರಂತ." "ಕೇಳಿದ್ರ ಕೊಡ್ತಾಳೇನು? ಒಂದು ಗೇಣು ಹೋದ್ರ ಏನಾತು, ಕಟ್ಟಿಗಿ ಕಟ್ಟಿಗೀನ ಅಲ್ಲೇನು!" ಕದದ ಕೆಳತುದಿಯಲ್ಲಿ ಮೊಟಕು ಗೂಟದಂಥ ತಿರುಗಣಿ ಚಾಚಿಕೊಂಡಿತ್ತು. ಹೊಸ್ತಿಲ ಕಲ್ಲಿನ ಕುಣಿಯಲ್ಲಿ ಅದು ಕೂತರೆ ಬಾಗಿಲು ತಿರುಗುತ್ತಿತ್ತಂತೆ. ಗೋಡೆಗೆ ಅದೇ ತೊಡಕೆಂದು ಅಪ್ಪ ಆ ಕಡೆಯಿಂದಲೇ ಗೇಣು ಹಾಕಿ ಗೆರೆ ಎಳೆದ. ಅವ್ವ ಬೀದಿ ಬಾಗಿಲಿಗೂ ಹಿತ್ತಲಿಗೂ ನಾಲ್ಕು ಸಲ ತಿರುಗಾಡಿದಳು. ನಾನು ಕೂತೇ ಇದ್ದೆ. ಗರಗಸದ ನಡುಕ ನನ್ನ ಹಲ್ಲಿನತನಕ ಬರುತ್ತಿತ್ತು.

ಮೂವರೂ ಸೇರಿ ಕದ ಎತ್ತಿ ಗೂಟದ ಮೇಲಿಟ್ಟೆವು. ಎರಡೂ ತುದಿ ಕೂದಲೆಳೆಯಲ್ಲಿ ನಿಂತವು. ಅವ್ವ ಒಂದು ತುದಿಗೆ ಹೆಗಲು ಕೊಟ್ಟು, "ಗಿಡ್ಡ ಆಗೇತಲ್ರಿ" ಎಂದಳು. ಅಪ್ಪ ತನ್ನ ಕೈಯಿಂದ ಅಳೆದ, ಆರು. ಬಿದ್ದ ತುಂಡು ಅಳೆದ, ಒಂದು. ಆಮೇಲೆ ನನ್ನ ಕಡೆ ತಿರುಗಿದ. "ಯಾರ ಗೇಣಿನಾಗ ಎಣಿಸಿದ್ದಿ?"

"ನಂದ್ರಾಗ."

ಹೊಡೆಯುತ್ತಾನೆಂದು ಕಣ್ಣು ಮುಚ್ಚಿದೆ. ಅವನು ನನ್ನ ಅಂಗೈ ಬಿಡಿಸಿ ತನ್ನ ಅಂಗೈಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಅವನ ಏಳು ಗೇಣಿನ ಕದಕ್ಕೆ ಎಂಟು ಗೇಣಿನ ಗೋಡೆ ಇತ್ತು. ಕೊಯ್ಯುವುದೇ ಬೇಕಿರಲಿಲ್ಲ.

ಗೂಟ ಕಿತ್ತು ಒಳಗೆ ಸರಿಸಿ ಬಡಿಯುವಷ್ಟರಲ್ಲಿ ಸಂಜೆಯ ಬಸ್ಸಿನ ಹಾರ್ನ್ ಕೇಳಿತು. ಅಜ್ಜಿ ಬಂದಳು. ಗೋಡೆ ನೋಡಿದಳು, ಕದದ ತುದಿಯ ಹಸಿ ಗಾಯದ ಮೇಲೆ ಹೆಬ್ಬೆರಳಾಡಿಸಿದಳು. "ನಾನ ತಪ್ಪಿ ಅಳದೆ, ಅವ್ವಾ" ಎಂದ ಅಪ್ಪ. ನಾನು ಅವ್ವನ ಸೆರಗಿನ ಹಿಂದಿದ್ದೆ. ಅಜ್ಜಿ ಬಯ್ಯಲಿಲ್ಲ. ತಿರುಗಣಿಯ ತುಂಡನ್ನು ಮಡಿಲಿಗೆ ಹಾಕಿಕೊಂಡು ನೆಲಕ್ಕೆ ಕೂತಳು.

"ಹೊಸ್ತಿಲದ ಕುಣ್ಯಾಗಿನ ಹೂಳು ತಗದು ತೊಳದು ಬಂದೀನಲ್ಲೋ" ಎಂದಳು. "ವರ್ಷಾ ತೊಳಿತಿದ್ದೆ. ಕದ ಕುಂದ್ರಬೇಕಲ್ಲ ಅಂತ."

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅಜ್ಜಿಯೇ ಅವಳನ್ನು ಗದರಿದಳು: "ಬರೇ ಹಲಗಿ ಏನು ನೋಡ್ತಿ? ಬಟ್ಟಿ ಇಡು." ಮಾರನೆಯ ದಿನ ಮಿಷಿನ್ನು ಸದ್ದು ಮಾಡಿತು. ಮುಂದಿನ ಬೇಸಿಗೆಗೆ ನೀರು ಇಳಿದಾಗ ಓಣಿಯವರು ಕರೆಯಲು ಬಂದರು. ಕಾಲುನೋವು ಎಂದಳು ಅಜ್ಜಿ. ಅದರ ಮುಂದಿನ ವರ್ಷ ಯಾರೂ ಕರೆಯಲಿಲ್ಲ. ನನ್ನಿಂದಾದದ್ದು ಅದು ಎಂದು ಅವಳಿಗೆ ಹೇಳಲು, ಅವಳು ತೀರಿಕೊಳ್ಳುವತನಕ, ಇನ್ನೂ ಆರು ವರ್ಷ ಇದ್ದವು. ಹೇಳಲಿಲ್ಲ. ಅಪ್ಪನೂ ಹೇಳಲಿಲ್ಲ.

ಈಗ ಆ ಮನೆಯಿಲ್ಲ, ಅವರು ಮೂವರೂ ಇಲ್ಲ. ಮನೆ ಕೆಡವುವಾಗ ಹಲಗೆಯನ್ನು ನಾನು ಕೇಳಿ ತಂದೆ. ಅದರ ಮೇಲೆ ಏನನ್ನೂ ಇಟ್ಟಿಲ್ಲ. ಒಮ್ಮೊಮ್ಮೆ ಕೊಯ್ದ ತುದಿಯಿಂದ ಹಿಡಿದು ಗೇಣು ಹಾಕುತ್ತೇನೆ. ನನ್ನ ಕೈ ಈಗ ಹೆಚ್ಚುಕಮ್ಮಿ ಅಪ್ಪನ ಕೈಯಷ್ಟಾಗಿದೆ. ಆರು ಬರುತ್ತದೆ. ಇಲ್ಲದ ತುಂಡಿಗೂ ಗಾಳಿಯಲ್ಲೇ ಒಂದು ಗೇಣು ಹಾಕುತ್ತೇನೆ.

ಏಳಿತ್ತು, ಅಜ್ಜಿ. ಒಂಬತ್ತಲ್ಲ, ಏಳು.