ಹಿತ್ತಲ ಮನೆಯ ಪ್ರಮಾಣಪತ್ರ

ನನ್ನ ನಿವೃತ್ತಿಗೆ ಆಗ ನಾಲ್ಕು ವರ್ಷ ಬಾಕಿ. ಬಾಗಲಕೋಟೆಯ ನವನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ ಕಳೆದುಕೊಂಡ ಕುಟುಂಬಗಳಿಗೆ ಸಂತ್ರಸ್ತರ ಪ್ರಮಾಣಪತ್ರ ಕೊಡುವ ಕಡತಗಳು ನನ್ನ ಮೇಜಿಗೆ ಬರುತ್ತಿದ್ದವು. ಅದಿದ್ದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಮೀಸಲಾತಿ. ನನಗೆ ನೌಕರಿ ಸಿಕ್ಕಿದ್ದೂ ಅದರಿಂದಲೇ. ನನ್ನನ್ನು ಯಾರೂ ಕೋಟಾದವನು ಎನ್ನಲಿಲ್ಲ. ಎದುರಿನ ಕುರ್ಚಿಯ ದುರ್ಗಪ್ಪನನ್ನು ಮಾತ್ರ ಎಲ್ಲರೂ ಹಾಗೆ ಅಂದರು. ಅವನು ಪರಿಶಿಷ್ಟ ಜಾತಿಯವನು. ಹೋದ ತಿಂಗಳು ತೀರಿಕೊಂಡ.

ಆ ವರ್ಷ ಒಂದೇ ನೇಮಕಾತಿಗಾಗಿ ಎರಡು ಅರ್ಜಿ ಬಂದವು. ಒಂದು ಶಿವನಗೌಡರ ಮೊಮ್ಮಗನದು. ಗೌಡರು ನನ್ನ ತಂಗಿಯ ಮಾವ. ಹಳೇ ಬಾಗಲಕೋಟೆಯಲ್ಲಿ ಅವರ ದೊಡ್ಡ ವಾಡೆಯ ಮನೆ ಮುಳುಗಿತ್ತು. ಆ ಅರ್ಜಿಗೆ ಅರ್ಧ ತಾಸಿನಲ್ಲಿ ‘ಕೊಡಬಹುದು’ ಎಂದು ಟಿಪ್ಪಣಿ ಬರೆದೆ. ಇನ್ನೊಂದು ಶಾಂತವ್ವನದು; ಅವಳೂ ದುರ್ಗಪ್ಪನ ಜಾತಿಯವಳು. ಅವಳ ತಾಯಿ ಹುಲಿಗೆವ್ವ ನಲವತ್ತು ವರ್ಷ ಅದೇ ವಾಡೆಯ ಕಸ ಹೊಡೆದು, ಅದರ ಹಿತ್ತಲಲ್ಲೇ ಸಂಸಾರ ಮಾಡಿದವಳು. ಅವರ ಹೆಸರಿನಲ್ಲಿ ಉತಾರ, ಅಂದರೆ ಜಾಗದ ಹಕ್ಕಿನ ದಾಖಲೆ, ಇರಲಿಲ್ಲ. ಜಾಗದ ಮಾಲೀಕರು ‘ಇವರು ಇಲ್ಲಿ ವಾಸವಿದ್ದರು’ ಎಂದು ಬರೆದುಕೊಟ್ಟರೆ ಸಾಕಿತ್ತು. ಗೌಡರನ್ನು ಕರೆಸಿದೆವು.

“ಹಿತ್ತಲದಾಗ ಬಿದ್ದಿದ್ರು. ಅದಕ್ಕ ಮನಿ ಅಂತಾರೇನ್ರಿ?” ಎಂದರು ಗೌಡರು. ದುರ್ಗಪ್ಪನತ್ತ ತಿರುಗಿ, “ಜಾತಿ ಮ್ಯಾಲೆ ಒಂದ ಕೋಟಾ ಐತಿ. ಈಗ ನೀರಿನ ಮ್ಯಾಲೂ ಬೇಕಂತೇನಲೇ ನಿಮಗ?”

ದುರ್ಗಪ್ಪ ಕಡತದ ಹಾಳೆ ತಿರುವಿದ. ಬಾಗಿಲಲ್ಲಿ ನಿಂತಿದ್ದ ಹುಲಿಗೆವ್ವ, “ವಾಡೇದ ಮುಂದಿನ ಬಾಗಲಾ ಮುಳುಗಿದ ನೀರಾಗ ಹಿತ್ತಲಾನೂ ಮುಳುಗೇತಲ್ರಿ ಯಪ್ಪಾ,” ಎಂದಳು.

“ನಮ್ಮ ಕೂಳು ತಿಂದು ನಮಗ ಎದರಾಡ್ತಿ?”

“ಪುಕ್ಕಟ ತಿಂದಿಲ್ರಿ.”

ಗೌಡರು ಬರೆದುಕೊಡದೆ ಹೋದರು. ನಾನು ಅವರನ್ನು ಗೇಟಿನತನಕ ಕಳಿಸಿ ಬಂದೆ.

ಎರಡು ದಿನ ದುರ್ಗಪ್ಪ ರೆಕಾರ್ಡ್ ರೂಮಿನ ಧೂಳಿನಲ್ಲಿ ಕುಳಿತ. ಮುಳುಗಡೆಗೆ ಮುಂಚೆ ಮಾಡಿದ್ದ ವಾಡೆಯ ಅಳತೆ ಪಟ್ಟಿ ತಂದು ನನ್ನ ಮುಂದಿಟ್ಟ. ದನದ ಕೊಟ್ಟಿಗೆಯ ಕೆಳಗಿನ ಸಾಲಿನಲ್ಲಿ ‘ಆಳಿನ ಮನೆ, ಒಂದು, ವಾಸವಿದೆ’ ಎಂದಿತ್ತು. ಅದಕ್ಕೂ ಪರಿಹಾರ ಎತ್ತಿಕೊಂಡ ಗೌಡರ ಸಹಿ ಕೆಳಗಿತ್ತು. ಇದಕ್ಕಿಂತ ಗಟ್ಟಿ ಪುರಾವೆ ಬೇಕಿರಲಿಲ್ಲ. “ನೋಡ್ತೇನಿ, ಇಡು,” ಎಂದೆ.

ರಾತ್ರಿ ತಂಗಿ ಫೋನ್ ಮಾಡಿದಳು. “ಅಣ್ಣಾ, ಮಾವನೋರ ಮಾತ ಸುಳ್ಳಾದ್ರ ನಾ ಈ ಮನ್ಯಾಗ ಹೆಂಗ ಬಾಳೇ ಮಾಡ್ಲಿ?”

ಒಂಬತ್ತನೆಯ ದಿನ ಟಿಪ್ಪಣಿ ಬರೆದೆ. ಸಾಹೇಬರು ಅಂದೇ ಸಹಿ ಹಾಕಿದರು. ಶಾಂತವ್ವನ ಪ್ರಮಾಣಪತ್ರವನ್ನು ದುರ್ಗಪ್ಪನ ಕೈಗೆ ಕೊಟ್ಟೆ.

“ನೌಕರಿಗೆ ಅರ್ಜಿ ಹಾಕಾಕ ನಿನ್ನೀನ ಕಡೀ ದಿನಾ ಇತ್ರಿ ಸರ,” ಎಂದ.

“ಪರಿಶೀಲನಾ ಮಾಡಬೇಕಿತ್ತಲ್ಲೋ.”

“ಗೌಡ್ರ ಮೊಮ್ಮಗಂದು ಅರ್ಧಾ ತಾಸಿನಾಗ ಮಾಡಿದ್ರಲ್ಲ.”

ಶಾಂತವ್ವನಿಗೆ ಆ ವರ್ಷ ವಯೋಮಿತಿಯ ಕೊನೆಯ ವರ್ಷವಾಗಿತ್ತು. ಈಗ ಇಲಕಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಗೌಡರ ಮೊಮ್ಮಗ ಹುನಗುಂದದಲ್ಲಿ ಸರ್ಕಾರಿ ನೌಕರ. ದುರ್ಗಪ್ಪ ಮರುದಿನದಿಂದ ತನ್ನ ಊಟದ ಡಬ್ಬಿಯನ್ನು ರೆಕಾರ್ಡ್ ರೂಮಿಗೆ ಒಯ್ದ. ನಾಲ್ಕು ವರ್ಷ ಕಡತದ ಮಾತು ಬಿಟ್ಟು ನನ್ನೊಡನೆ ಬೇರೆ ಮಾತಾಡಲಿಲ್ಲ. ಕ್ಷಮೆ ಕೇಳಲು ನನಗೆ ನಾಲ್ಕು ವರ್ಷವಿತ್ತು. ಹೋದ ತಿಂಗಳು ಅವನ ಮಣ್ಣಿಗೆ ಹೋದಾಗ ಅವನ ಹೆಂಡತಿ ನನ್ನ ಗುರುತು ಹಿಡಿದು, ಮುಖ ತಿರುಗಿಸಿದಳು.

ಲಂಚ ಮುಟ್ಟಲಿಲ್ಲ, ಸುಳ್ಳು ಬರೆಯಲಿಲ್ಲ ಎಂದು ನಿವೃತ್ತಿಯ ದಿನ ಶಾಲು ಹೊದಿಸಿ ಹೊಗಳಿದರು. ಎರಡೂ ಖರೆ. ನಮ್ಮಂಥವರಿಗೆ ಲಂಚದ, ಸುಳ್ಳಿನ ಅಗತ್ಯವೇ ಬೀಳುವುದಿಲ್ಲ. ಮೇಜಿನ ಖಾನೆ ಎಳೆದು, ಕಡತ ಇಟ್ಟು, ಮುಚ್ಚಿದರೆ ಆಯಿತು. ಈ ನೌಕರಿ ನನಗೆ ಕಲಿಸಿದ್ದು ಇಷ್ಟು.