ಲೆಸಿಯೆಲಿಯ ತಟ್ಟೆ

ನಮ್ಮೂರ ಹಂದಿಗಳಲ್ಲೆಲ್ಲ ಬಡಕಲು ಹಂದಿ ಯಾವುದು ಅಂದರೆ ಸಣ್ಣ ಮಕ್ಕಳೂ ನನ್ನ ಅಕ್ಕ ಲೆಸಿಯೆಲಿಯ ಮನೆಯ ಕಡೆ ಕೈ ತೋರಿಸುತ್ತಿದ್ದರು. ಬೇರೆಯವರ ಹಂದಿಗಳು ಸೋಮವಾರ ಬೆಳಗ್ಗೆ ತಿಂದು ತೇಗಿ ತೆಂಗಿನ ಬುಡದಲ್ಲಿ ಬಿದ್ದುಕೊಂಡಿರುತ್ತಿದ್ದವು. ಅಕ್ಕನ ಹಂದಿ ಮಾತ್ರ ಕಂಡವರ ಹಿತ್ತಿಲಿಗೆಲ್ಲ ನುಗ್ಗಿ ಕಲ್ಲೇಟು ತಿಂದು ಬರುತ್ತಿತ್ತು.

"ಲೆಸಿಯೆಲಿ, ಆ ಹಂದೀನ ನಮಗೇ ಕೊಟ್ಬಿಡೇ. ಹೇಗೂ ಸಾಕ್ತಿರೋರು ನಾವೇ ತಾನೆ?" ಎಂದು ಪಕ್ಕದ ಮನೆಯ ಅಕಾನೆಸಿ ಬೇಲಿಯಾಚೆಯಿಂದ ಕೂಗುತ್ತಿದ್ದಳು.

"ನೀನು ಚೆಲ್ಲೋದು ನಿಲ್ಸು, ಅದು ಬರೋದನ್ನ ತಾನೇ ನಿಲ್ಸುತ್ತೆ," ಎಂದು ಅಕ್ಕ ಇತ್ತಕಡೆಯಿಂದ ಉತ್ತರ ಕೊಡುತ್ತಿದ್ದಳು.

ಹಂದಿಗೆ ಹಾಕಲು ಅವಳ ಮನೆಯಲ್ಲಿ ಏನಾದರೂ ಉಳಿದರೆ ತಾನೆ! ಹಾಪೈ ದ್ವೀಪದವರಾದ ನಮಗೆ ಭಾನುವಾರ ಅಂದರೆ ಬೆಳಗ್ಗೆ ಚರ್ಚಿಗೆ ಹೋಗುವ ಮೊದಲು ನೆಲದೊಲೆಗೆ ಬೆಂಕಿ ಹಾಕಿ, ಕೆಸುವಿನ ಎಲೆಯಲ್ಲಿ ಸುತ್ತಿದ ಮಾಂಸ, ಗೆಡ್ಡೆ, ಮೀನು ಎಲ್ಲವನ್ನೂ ಒಟ್ಟಿಗೆ ಹೂತು ಹೋಗುವುದು. ಬಂದು ಕಣ್ಣು ಮುಚ್ಚಿಹೋಗುವಷ್ಟು ಉಣ್ಣುವುದು. ಮಿಕ್ಕಿದ್ದು ಮರುದಿನ ತಂಗಳು, ಆಮೇಲೆ ಹಂದಿಯ ಪಾಲು. ನನ್ನ ಮನೆಯಲ್ಲೂ ಹಾಗೇ ನಡೆದಿದೆ. ನನ್ನದು ಧಾರಾಳದ ಕೈ, ಅಂದರೆ ದಂಡ ಮಾಡುವ ಕೈ, ನನಗೆ ನಾಚಿಕೆಯೇನಿಲ್ಲ.

ಅಕ್ಕನ ಮನೆಯ ಸೋಮವಾರವೇ ಬೇರೆ. ತಣ್ಣಗಾದ ಕೆಸುವಿನ ಗೆಡ್ಡೆಯನ್ನು ತೆಳ್ಳಗೆ ಹೆಚ್ಚಿ, ಡಬ್ಬಿ ಮಾಂಸದ ಅಂಚಿಗೆ ಕಟ್ಟಿದ ಕೊಬ್ಬಿನಲ್ಲೇ ಗರಿಗರಿಯಾಗಿ ಹುರಿಯುತ್ತಿದ್ದಳು. ದೀವಿಹಲಸು ಉಳಿದಿದ್ದರೆ ಕುಟ್ಟಿ ಮುದ್ದೆ ಮಾಡಿ, ಸಕ್ಕರೆ ಕೆಂಪಗೆ ಕಾಯಿಸಿ ತೆಂಗಿನ ಹಾಲು ಸುರಿದು, ಅದರಲ್ಲಿ ಹೊರಳಿಸಿ ಕೊಟ್ಟರೆ ಮಕ್ಕಳು ಇವತ್ತು ಯಾರ ಮದುವೆ ಎಂದು ಕೇಳುತ್ತಿದ್ದರು. ಮೀನಿನ ಮುಳ್ಳು ಬೆಂದ ನೀರಲ್ಲಿ ಬಾಳೆಕಾಯಿ ಬೇಯುತ್ತಿತ್ತು. ಹಿಂಡಿ ಹಿಂಡಿ ಹಿಪ್ಪೆಯಾದ ತೆಂಗಿನ ತುರಿ ಮೊದಲು ಪಾತ್ರೆ ತಿಕ್ಕಲು, ಆಮೇಲೆ ಕೋಳಿಗೆ. ನಾನು ಅವಳ ಅಡುಗೆಮನೆಯ ಹೊಸಿಲ ಮೇಲೆ ಕೂತು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ನಾವು. ಇವಳಿಗೆ ಇದನ್ನೆಲ್ಲ ಹೇಳಿಕೊಟ್ಟವರು ಯಾರು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಅಂಥ ಅಕ್ಕನ ಕೈಯನ್ನೂ ಕಟ್ಟಿಹಾಕುವ ತಟ್ಟೆ ಮನೆಯಲ್ಲಿ ಒಂದೇ ಒಂದು ಇತ್ತು. ಅದು ಅವಳ ಗಂಡ ಸೆಮಿಸಿ ಭಾವನ ತಟ್ಟೆ.

ನಮ್ಮಲ್ಲಿ ತಂದೆಯ ಎಂಜಲನ್ನು ಮಕ್ಕಳು ಮುಟ್ಟಬಾರದು. ಮುಟ್ಟಿ ಬಾಯಿಗಿಟ್ಟರೆ ಗಂಟಲು ಊದುತ್ತದೆ. ತಂದೆಯ ತಲೆಯನ್ನು ಹೇಗೆ ಮುಟ್ಟಬಾರದೋ ಅವನ ತಟ್ಟೆಯನ್ನೂ ಹಾಗೇ. ತಾಯಿಯ ತಟ್ಟೆಗೆ ಅಂಥ ಕಟ್ಟಿಲ್ಲ. ಅವಳ ತಟ್ಟೆಗೆ ಕೈ ಹಾಕಬಹುದು, ಬಾಯಿಗೆ ಹೋಗುತ್ತಿರುವುದನ್ನೂ ಕಿತ್ತುಕೊಳ್ಳಬಹುದು, ಕಿತ್ತುಕೊಂಡೇ ನಾವೆಲ್ಲ ಬೆಳೆದದ್ದು. ಆದರೆ ಭಾವ ಆನೆಯಂಥ ಆಳು. ಸಮುದ್ರದಿಂದ ಬಂದು ಕೂತರೆ ತಟ್ಟೆಯಲ್ಲಿ ಮೀನಿನ ಮುಳ್ಳೂ ಉಳಿಯುತ್ತಿರಲಿಲ್ಲ. ಹಾಗಾಗಿ ಅಕ್ಕನಿಗೆ ಆ ತಟ್ಟೆಯ ಚಿಂತೆ ಬಂದೇ ಇರಲಿಲ್ಲ, ಆ ದೊಡ್ಡ ಬಿರುಗಾಳಿಯ ವರ್ಷದವರೆಗೆ.

ಗಾಳಿ ನಿಂತಾಗ ದೀವಿಹಲಸಿನ ಮರಗಳು ಮಲಗಿದ್ದವು, ಬಾಳೆಯ ಗುರುತೂ ಉಳಿದಿರಲಿಲ್ಲ, ಉಪ್ಪುನೀರು ನುಗ್ಗಿದ ನೆಲದಲ್ಲಿ ಮರಗೆಣಸು ಕೊಳೆಯುತ್ತಿತ್ತು. ಹಡಗಿನಲ್ಲಿ ಬಂದ ಅಕ್ಕಿ ಹಿಟ್ಟು ಮನೆಮನೆಗೆ ಹಂಚಿ ಮುಗಿಯಿತು. ಮುಂದಿನ ಹಡಗು ಇವತ್ತು ನಾಳೆ ಅನ್ನುತ್ತಲೇ ಇತ್ತು. ಅದರ ನಡುವೆ ಹಾರಿಹೋದ ಚಾವಣಿಯ ತಗಡು ಎತ್ತಲು ಹೋದ ಭಾವನ ಕಾಲು ಸೀಳಿತು. ಕಾಲು ಊದಿತು, ಜ್ವರ ಏರಿತು, ಆನೆಯಂಥ ಆಳು ಚಾಪೆ ಹಿಡಿದ.

ದವಾಖಾನೆಯ ನರ್ಸು ಮದ್ದು ಹಾಕಿ ಅಕ್ಕನನ್ನು ಹೊರಗೆ ಕರೆದು ಹೇಳಿದಳು: "ನನ್ನ ಕೈಯಲ್ಲಾಗೋದು ಇಷ್ಟೇ. ಇನ್ನು ಹೊಟ್ಟೆಗೆ ಊಟ ಹೋಗ್ಬೇಕು. ಹೋದ್ರೆ ಉಳೀತಾರೆ."

ಊಟ ಹೋಗಬೇಕು ಸರಿ. ಹೇಗೆ ಹೋಗಬೇಕು? ನಾನು ಹವಳದ ದಂಡೆಯಲ್ಲಿ ಸೊಂಟದ ನೀರಿನಲ್ಲಿ ನಿಂತು ಹಿಡಿದು ತಂದ ಒಂದೆರಡು ಮೀನು, ಹುಡುಕಿ ಅಗೆದ ಕೆಸು, ಬಿದ್ದ ಕಾಯಿಯ ಹಾಲು, ಇಷ್ಟೇ ಮನೆಯ ಐಶ್ವರ್ಯ. ಅಕ್ಕ ಸ್ವಲ್ಪ ಬಡಿಸಿ ಇಟ್ಟರೆ ಭಾವ ತಟ್ಟೆ ನೋಡಿ, "ಮನೇಲಿ ಇಷ್ಟೇನಾ ಉಳಿದಿರೋದು? ಮಕ್ಕಳಿಗೆ ಕೊಡು, ನಂಗೆ ಹಸಿವಿಲ್ಲ" ಎಂದು ಮುಟ್ಟದೆ ತಳ್ಳುತ್ತಿದ್ದ. ತುಂಬ ಬಡಿಸಿದರೆ ಮನೆಯಲ್ಲಿ ಬೇಕಾದಷ್ಟಿದೆ ಎಂದುಕೊಂಡು ನಾಲ್ಕು ತುತ್ತು ತಿಂದು, ಅಷ್ಟಕ್ಕೇ ಸುಸ್ತಾಗಿ ಕಣ್ಣು ಮುಚ್ಚುತ್ತಿದ್ದ. ಅವನು ಕೈಯಿಟ್ಟ ಮೇಲೆ ಮುಗಿಯಿತಲ್ಲ, ಅಷ್ಟೂ ಮೀನು ಅವನ ಎಂಜಲು.

ನಾಲ್ಕು ಮಕ್ಕಳು ಬಾಗಿಲಲ್ಲಿ ಸಾಲಾಗಿ ಕೂತು ಜೊಲ್ಲು ನುಂಗುತ್ತಿದ್ದವು. ಅಕ್ಕ ತನ್ನ ಪಾಲು ಅವರಿಗೆ ಕೊಟ್ಟು ಗಂಡನ ತಟ್ಟೆಯಲ್ಲಿ ಉಣ್ಣಲು ನೋಡಿದಳು. ಆದರೆ ಅವಳ ಪಾಲು ಅಂದರೆ ಬೆಂದ ಪರಂಗಿಕಾಯಿಯ ಹೋಳು. ನಾಲ್ಕು ಜೊತೆ ಕಣ್ಣುಗಳ ಎದುರಿಗೆ ಮೀನು ಅವಳ ಗಂಟಲಲ್ಲಿ ಇಳಿಯಲಿಲ್ಲ. ಆಮೇಲೆ ತಿನ್ನೋಣ ಎಂದು ಮುಚ್ಚಿಟ್ಟದ್ದು ಆ ಸೆಕೆಗೆ ಹಳಸಿತು. ಮೊದಲ ಸಲ, ಮುಂದೆ ಮರಿ ಹಾಕಲೆಂದು ಕೊಲ್ಲದೆ ಉಳಿಸಿಕೊಂಡಿದ್ದ ಅಕ್ಕನ ಹಂದಿಗೆ ಸ್ವಂತ ಮನೆಯಲ್ಲಿ ಊಟ ಸಿಕ್ಕಿತು. ಅದು ಬಾಲ ಆಡಿಸುತ್ತ ಚಪ್ಪರಿಸುವುದನ್ನು ಅಕ್ಕ ನಿಂತು ನೋಡಿದಳು. ಅವಳ ಮುಖ ನೋಡಲು ನನಗೆ ಭಯವಾಯಿತು.

ಮಾರನೆಯ ಮಧ್ಯಾಹ್ನ ಭಾವ ಕಣ್ಣು ಮುಚ್ಚಿದ ಕೂಡಲೆ ಎರಡನೆಯ ಮಗಳು ವೀಕಾ ಸದ್ದಿಲ್ಲದೆ ತೆವಳಿ ಹೋಗಿ ತಟ್ಟೆಗೆ ಕೈ ಚಾಚಿದಳು. ಅಕ್ಕ ಅವಳ ಕೈ ಮೇಲೆ ಬಾರಿಸಿದಳು.

"ಗಂಟಲು ಊದುತ್ತೆ ಅಂತ ಗೊತ್ತಿಲ್ವೇನೇ?"

"ಊದ್ಲಿ ಬಿಡಮ್ಮ," ಎಂದಿತು ಆ ಹುಡುಗಿ. "ತಿಂದಮೇಲೆ ತಾನೆ ಊದೋದು?"

ಅಕ್ಕ ಸಂಜೆಯವರೆಗೆ ಖಾಲಿ ಪಾತ್ರೆಯನ್ನೇ ತಿಕ್ಕುತ್ತ ಕೂತಳು.

ಮರುದಿನ ಅವಳು ಮನೆಯಲ್ಲಿದ್ದುದನ್ನೆಲ್ಲ ಒಂದೇ ತಟ್ಟೆಗೆ ಗೋಪುರದ ಹಾಗೆ ಬಡಿಸಿದಳು. ಭಾವನ ಮಗ್ಗುಲಲ್ಲಿ ಕೂತು, ತಟ್ಟೆಯನ್ನು ಅವನ ಮುಂದೆ ಇಡದೆ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಇಟ್ಟುಕೊಂಡು, ಮೊದಲ ತುತ್ತನ್ನು ತಾನೇ ಬಾಯಿಗೆ ಹಾಕಿಕೊಂಡಳು! ನನ್ನ ಕೈಲಿದ್ದ ನೀರಿನ ಚೊಂಬು ಬಿದ್ದುಹೋಗುವುದೊಂದು ಬಾಕಿ.

ಭಾವ ಕಣ್ಣರಳಿಸಿ, "ಏನೇ ಇದು?" ಎಂದ.

"ನನ್ನ ಊಟ."

"ನಂದೆಲ್ಲಿ?"

"ನನ್ನ ತಟ್ಟೆಯಿಂದ ಕೊಡ್ತೀನಿ. ಕೈ ಒಡ್ಡಿ."

"ಹೆಂಡ್ತಿ ಎಂಜಲಿಗೆ ಕೈ ಒಡ್ಡೋ ಗತಿ ಬಂತಾ ನಂಗೆ?" ಎಂದು ಭಾವ ಗೋಡೆಯ ಕಡೆ ತಿರುಗಿಕೊಂಡ.

ಅಕ್ಕ ಜೋರು ಮಾಡಲಿಲ್ಲ. "ನೀವು ಬಿಟ್ಟಿದ್ದನ್ನ ಹಂದಿ ತಿನ್ನುತ್ತೆ. ನಾನು ಬಿಟ್ಟಿದ್ದನ್ನ ಮಕ್ಕಳು ತಿನ್ಬಹುದು. ನಿಮಗೆ ಸಾಕಾಗೋಷ್ಟು ಹೊಟ್ಟೆಗೆ ಹೋಗೋವರೆಗೂ ನಾನು ಇಲ್ಲಿಂದ ಏಳಲ್ಲ, ಈ ತಟ್ಟೇನೂ ಏಳಲ್ಲ. ಅವು ಬಾಗಿಲಲ್ಲಿ ಕಾಯ್ತಾ ಇವೆ ನೋಡಿ."

ಭಾವ ತಲೆಯೆತ್ತಿ ಬಾಗಿಲ ಕಡೆ ನೋಡಿದ. ನಾಲ್ಕೂ ಉಸಿರು ಬಿಗಿಹಿಡಿದು ಕೂತಿದ್ದವು. ಅವನು ಗೋಡೆಯ ಕಡೆಯಿಂದ ಪೂರ್ತಿ ಹೊರಳಿ, ಆ ದೊಡ್ಡ ಅಂಗೈಯನ್ನು ಅವಳ ಮುಂದೆ ಚಾಚಿದ.

ಅವನ ಕೈಗೆ ತನ್ನ ಬೆರಳು ತಾಗದ ಹಾಗೆ, ಅವನ ಕೈ ತಟ್ಟೆಗೆ ತಾಗದ ಹಾಗೆ, ಅವಳು ತುತ್ತನ್ನು ಅಂಗೈಗೆ ಹಾಕುತ್ತಿದ್ದಳು. ತಾನು ತಿನ್ನದಿದ್ದರೆ ಮಕ್ಕಳಿಗೆ ಊಟವಿಲ್ಲ ಎಂದು ಅವನೂ ಕಷ್ಟಪಟ್ಟು ಜಗಿದು ಜಗಿದು ನುಂಗಿದ. ಸಾಕು ಎಂದಾಗ ಅಕ್ಕ ಎದ್ದು ಅರ್ಧಕ್ಕಿಂತ ಹೆಚ್ಚು ತುಂಬಿದ್ದ ತಟ್ಟೆಯನ್ನು ಬಾಗಿಲಲ್ಲಿಟ್ಟಳು. ನಾನು ಅವಳನ್ನು ನೋಡುತ್ತಲೇ ಇದ್ದೆ. ಕಟ್ಟು ಮುರಿಯಲಿಲ್ಲ, ಗಂಡನನ್ನು ಉಪವಾಸ ಕೆಡವಲಿಲ್ಲ, ಒಂದು ಅಗುಳೂ ದಂಡವಾಗಲಿಲ್ಲ. ಚರ್ಚಿನಲ್ಲಿ ಎಷ್ಟೋ ಪವಾಡಗಳ ಕಥೆ ಕೇಳಿದ್ದೇನೆ. ಕಣ್ಣಾರೆ ಕಂಡದ್ದು ಇದೊಂದೇ.

ಮರುದಿನ ಬೆಳಗ್ಗೆ ವೀಕಾ ಪಾತ್ರೆಯ ಮುಚ್ಚಳದಲ್ಲಿ ತನ್ನ ಗಂಟಲನ್ನು ನೋಡಿಕೊಳ್ಳುತ್ತಿದ್ದಳು. "ಊದಿಲ್ಲ ಚಿಕ್ಕಮ್ಮ," ಎಂದು ಬಂದು ನನಗೆ ವರದಿ ಕೊಟ್ಟಳು.

ಊರು ಸುಮ್ಮನಿರುತ್ತದೆಯೆ? "ಸೆಮಿಸಿ ಹೆಂಡ್ತಿ ಮಡಿಲಿಗೆ ಕೈ ಚಾಚ್ಕೊಂಡು ಉಣ್ತಾನಂತೆ! ಮಕ್ಕಳೂ ಅದೇ ತಟ್ಟೆ ನೆಕ್ತವಂತೆ!" ಎಂದು ಅಕಾನೆಸಿ ಬಾವಿಕಟ್ಟೆಯಲ್ಲಿ ಊದಿದಳು. ಮಾತು ಫುಸಿ ಅತ್ತೆಯ ಕಿವಿಗೂ ಬಿತ್ತು.

ಫುಸಿ ಅತ್ತೆ ಸೆಮಿಸಿ ಭಾವನ ಅಕ್ಕ, ಮಕ್ಕಳ ಸೋದರತ್ತೆ. ಮದುವೆಯಿರಲಿ ಸಾವಿರಲಿ, ಎಲ್ಲರಿಗಿಂತ ಮೇಲಿನ ಚಾಪೆ ಅವಳದು. ತಮ್ಮನ ಮನೆಯಲ್ಲಿ ಅವಳು ಆಡಿದ ಮಾತಿಗೆ ಎದುರಾಡುವವರು ಹುಟ್ಟಿರಲಿಲ್ಲ. ಅವಳು ಬೇಡ ಅಂದರೆ ಆ ತಟ್ಟೆ ಅಲ್ಲಿಗೇ ಮುಗಿಯಿತು. ತಟ್ಟೆ ಮುಗಿದರೆ ಭಾವನ ಕಥೆಯೂ ಅಷ್ಟೆ.

ಅವಳು ಬಂದದ್ದು ಸರಿಯಾಗಿ ಊಟದ ಹೊತ್ತಿಗೆ, ನಮ್ಮ ಮರ್ಯಾದೆಯ ಉಡುಪಿನಂತೆ ಸೊಂಟಕ್ಕೆ ಚಾಪೆ ಬಿಗಿದು, ಮನೆ ತುಂಬುವಂಥ ಮೈ ಹೊತ್ತುಕೊಂಡು. ತಮ್ಮ ಮಲಗಿದ ಕೋಣೆಗೆ ಒಡಹುಟ್ಟಿದವಳು ಕಾಲಿಡುವ ರೂಢಿ ನಮ್ಮಲ್ಲಿಲ್ಲ, ಅವಳು ಹೊರಬಾಗಿಲಲ್ಲೇ ನಿಂತಳು. ಮಕ್ಕಳ ಮುಂದೆ ತಟ್ಟೆ, ತಟ್ಟೆಯೊಳಗೆ ನಾಲ್ಕು ಕೈ. ಯಾವ ಕೈಯೂ ಅಲುಗಲಿಲ್ಲ.

"ಲೆಸಿಯೆಲಿ, ಈ ತಟ್ಟೆ ಯಾರದು?"

"ನಂದು, ಅತ್ತಿಗೆ."

"ನನ್ನ ತಮ್ಮ ಇದ್ರಲ್ಲಿ ಉಂಡನಾ?"

"ನನ್ನ ತಟ್ಟೆಯಿಂದ ನಾನು ಕೊಟ್ಟೆ. ಅವರು ತಗೊಂಡ್ರು."

ಅಕ್ಕನ ಸ್ವರ ನಡುಗಲಿಲ್ಲ, ಆದರೆ ಸೆರಗಿನ ಹಾಗೆ ಹೊದ್ದ ಬಟ್ಟೆಯ ತುದಿಯನ್ನು ಅವಳು ಬೆರಳಿಗೆ ಸುತ್ತಿ ಸುತ್ತಿ ಬಿಗಿಯುತ್ತಿದ್ದುದು ನನಗೆ ಕಾಣುತ್ತಿತ್ತು. ಫುಸಿ ಅತ್ತೆ ತಟ್ಟೆ ನೋಡಿದಳು, ಮಕ್ಕಳ ಎಲುಬು ಕಾಣುವ ಬೆನ್ನು ನೋಡಿದಳು, ಒಳಕೋಣೆಯ ಪರದೆ ನೋಡಿದಳು. ಆಮೇಲೆ ಕೇಳಿದ್ದು ನಾವು ಯಾರೂ ನೆನೆಸಿರದ ಮಾತು.

"ಎಷ್ಟು ತಿಂದ?"

"ಇವತ್ತು ಒಂದು ಇಡೀ ಮೀನು, ಅತ್ತಿಗೆ."

ಆ ದೊಡ್ಡ ಹೆಂಗಸು ತಿರುಗಿ ಸಮುದ್ರದ ಕಡೆ ಮುಖ ಮಾಡಿ ಮೂಗು ಒರೆಸಿಕೊಂಡಳು. ಮತ್ತೆ ನಮ್ಮ ಕಡೆ ತಿರುಗುವ ಹೊತ್ತಿಗೆ ಅದೇ ಹಳೆಯ ಗತ್ತು.

"ನಿನ್ನ ತಟ್ಟೆ ಅಂದಮೇಲೆ ನಿನ್ನ ತಟ್ಟೆ. ಏನ್ರೋ ನನ್ನ ಮುಖ ನೋಡ್ತಾ ಕೂತಿದೀರಿ? ತಿನ್ರೋ!"

ಹೋಗುವಾಗ ಬೇಲಿಗೆ ಕಿವಿಗೊಟ್ಟು ನಿಂತಿದ್ದ ಅಕಾನೆಸಿಯ ಎದುರು ಒಂದು ಕ್ಷಣ ನಿಂತಳು. "ನಿಮ್ಮನೇಲಿ ಯಾರು ಯಾವ ತಟ್ಟೇಲಿ ಉಣ್ತಾರೆ ಅಂತ ನಾನು ಯಾವತ್ತಾದ್ರೂ ಕೇಳಿದ್ದೀನೇನಮ್ಮ?" ಎಂದಳು. ಅಷ್ಟೇ. ಬಾವಿಕಟ್ಟೆ ಅವತ್ತಿಗೆ ತಣ್ಣಗಾಯಿತು.

ಭಾವ ಎದ್ದು ಕೂತ, ಆಮೇಲೆ ಕೋಲು ಹಿಡಿದು ನಡೆದ, ಆಮೇಲೆ ದೋಣಿ ಇಳಿಸಿದ. ಅವನು ಗಟ್ಟಿಯಾದ ಮೊದಲ ಭಾನುವಾರ ನಾನು ಸಂಭ್ರಮದಿಂದ ಅವನ ಹಳೆಯ ತಟ್ಟೆ ತೊಳೆದು, ತುಂಬ ಬಡಿಸಿ ಮುಂದಿಟ್ಟೆ. ಅವನು ಅದನ್ನು ಮುಟ್ಟದೆ ನನ್ನ ಕಡೆ ಸರಿಸಿದ.

"ನೀನೇ ತಿನ್ನು. ನಂಗೆ ನಿಮ್ಮಕ್ಕನ ತಟ್ಟೆ ಅಭ್ಯಾಸ ಆಗೋಗಿದೆ," ಎಂದು ಅವಳ ಮಗ್ಗುಲಲ್ಲಿ ಕೂತು ಅಂಗೈ ಚಾಚಿದ.

ಅಲ್ಲಿಂದ ಮುಂದೆ ಹೊರಗಿನವರು ಇಲ್ಲದಾಗೆಲ್ಲ ಅವರ ಊಟ ಹಾಗೇ. ಒಳ್ಳೆಯ ಕಾಲ ಬಂದಮೇಲೂ, ಮಕ್ಕಳಿಗೆ ಬೇರೆ ತಟ್ಟೆ ತುಂಬ ಇದ್ದರೂ, ಆ ತಟ್ಟೆಯಲ್ಲಿ ಕೊನೆಗೆ ಉಳಿಯುವ ಹೋಳಿಗಾಗಿ ನಾಲ್ವರೂ ಜಗಳವಾಡುತ್ತಿದ್ದರು. ಭಾವ ಬೇಕೆಂದೇ ಒಂದು ಒಳ್ಳೆಯ ಮೀನಿನ ತುಂಡನ್ನು ಬಿಡುತ್ತಿದ್ದ ಎಂದು ನನ್ನ ಗುಮಾನಿ. ಹಂದಿ ಮಾತ್ರ ಮತ್ತೆ ಬಡಕಲಾಯಿತು.

ಮಕ್ಕಳ ಮಕ್ಕಳೂ ಓಡಾಡುವ ಕಾಲದಲ್ಲಿ, ಒಂದು ಮಧ್ಯಾಹ್ನ, ಭಾವ ಅಕ್ಕನ ತಟ್ಟೆಯಿಂದ ಉಂಡು, ಸಾಕು ಎಂದು ಕೈಯಾಡಿಸಿ, ಕಂಬಕ್ಕೆ ಒರಗಿದವನು ಹಾಗೇ ಹೋಗಿಬಿಟ್ಟ.

ಊರೆಲ್ಲ ಸೇರಿತು. ಮುಪ್ಪಿನ ಫುಸಿ ಅತ್ತೆಯನ್ನು ಕೈಹಿಡಿದು ಕರೆತಂದು ತಮ್ಮನ ತಲೆಯ ಹತ್ತಿರ, ಸಾವಿನಲ್ಲಿ ಅವಳದೇ ಆದ ಮೇಲಿನ ಚಾಪೆಯ ಮೇಲೆ ಕೂರಿಸಿದರು. ಸಾವಿನ ಮನೆಯ ರೂಢಿಯಂತೆ ಅಕ್ಕನೂ ಮಕ್ಕಳೂ ಅವತ್ತು ಎಲ್ಲರಿಗಿಂತ ಕೆಳಗಿನವರು. ತಲೆ ಕೆದರಿಕೊಂಡು, ಹರಕು ಚಾಪೆ ಸುತ್ತಿಕೊಂಡು ಅಡುಗೆಮನೆಯಲ್ಲಿದ್ದರು. ಅಕ್ಕನ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಕೆಲಸಕ್ಕೆ ನೆರವಾಗಲು ಬಂದ ಅಕಾನೆಸಿ ಮೂಲೆಯಲ್ಲಿದ್ದ ಆ ಮಧ್ಯಾಹ್ನದ ಊಟದ ತಟ್ಟೆಯನ್ನು ಎತ್ತಿಕೊಂಡು ಹಿತ್ತಿಲ ಕಡೆ ಹೊರಟಳು.

"ಅದನ್ನ ಇಡು," ಎಂದಳು ಅಕ್ಕ.

"ಸತ್ತೋರು ಉಂಡಿದ್ದು ಕಣೇ ಇದು," ಎಂದು ಅಕಾನೆಸಿ ಮೆತ್ತಗೆ ಹೇಳಿದಳು. ಈ ಸಲ ಅವಳ ಮಾತಿನಲ್ಲಿ ಕೊಂಕಿರಲಿಲ್ಲ. "ಬದುಕಿದ್ದಾಗ ಹೇಗೋ ನಡೀತು. ಇವತ್ತು ಬೇಡ. ಮಕ್ಕಳಿಗೆ ಏನಾದ್ರೂ ಆದ್ರೆ?"

ಅಡುಗೆಮನೆಯ ಹೆಂಗಸರೆಲ್ಲ ಹೌದು ಹೌದೆಂದರು. ತಲೆ ನರೆಯುತ್ತಿದ್ದ ನಾಲ್ಕು ಮಕ್ಕಳು ಬಾಗಿಲಲ್ಲಿ ನಿಂತು ತಟ್ಟೆಯನ್ನೇ ನೋಡುತ್ತಿದ್ದರು. ಈ ಗದ್ದಲ ಒಳಗೆ ಕೇಳಿತೇನೋ. ಹೆಣದ ಮುಂದಿನ ಪ್ರಾರ್ಥನೆಯ ಹಾಡು ನಿಂತಿತು. ತಲೆಯ ಕಡೆಯಿಂದ ಆ ಮುದಿ ಸ್ವರ ಬಂತು.

"ಲೆಸಿಯೆಲಿ, ಆ ತಟ್ಟೆ ಯಾರದು?"

ಅಕ್ಕ ಅಲ್ಲೇ ಕುಸಿದು ಕೂತಳು. ಅಷ್ಟು ಹೊತ್ತು ಬಾರದ ಅಳು ಅವಳಿಗೆ ಆಗ ಬಂತು.

"ನಂದು, ಅತ್ತಿಗೆ."

"ಎಷ್ಟು ತಿಂದ?"

"ಅರ್ಧ ಮೀನು. ಒಂದು ದೊಡ್ಡ ಹೋಳು ಕೆಸು."

"ಮಿಕ್ಕಿದ್ದನ್ನ ಮಕ್ಕಳಿಗೆ ಕೊಡು," ಎಂದಳು ಫುಸಿ ಅತ್ತೆ.

ಅಕಾನೆಸಿಯೇ ತಟ್ಟೆಯನ್ನು ತಂದು ಅಕ್ಕನ ಮಡಿಲಲ್ಲಿಟ್ಟಳು. ಅಕ್ಕ ಮುಳ್ಳು ಬಿಡಿಸಿ, ಮೀನನ್ನೂ ಗೆಡ್ಡೆಯನ್ನೂ ನಾಲ್ಕು ಪಾಲು ಮಾಡಿದಳು. ನಮ್ಮ ದ್ವೀಪದಲ್ಲಿ ತಂದೆಯ ಕೊನೆಯ ಊಟ ಯಾವ ಮಕ್ಕಳಿಗೂ ಸಿಕ್ಕಿದ್ದಿಲ್ಲ. ನನ್ನ ಅಕ್ಕನ ಮಕ್ಕಳಿಗೆ ಸಿಕ್ಕಿತು.

ವೀಕಾ ತನ್ನ ಪಾಲನ್ನು ಬಾಯಿಗಿಟ್ಟುಕೊಂಡು, ಗಂಟಲ ಮೇಲೆ ಕೈಯಿಟ್ಟುಕೊಂಡು ನಿಂತಳು. ಅದನ್ನು ನುಂಗಲು ಅವಳಿಗೆ ತುಂಬ ಹೊತ್ತು ಬೇಕಾಯಿತು.