ಹೆಬ್ಬೆರಳಡಿಯ ಎಸಳು

ಗಿರಿಜಾ, ಅಂದು ನನ್ನ ಅಂಗೈಯಲ್ಲಿದ್ದದ್ದು ಎಂಟು ಎಸಳಲ್ಲ, ಒಂಬತ್ತು. ಒಂದನ್ನು ನಾನು ಹೆಬ್ಬೆರಳಿನ ಅಡಿಯಲ್ಲಿ ಒತ್ತಿ ಹಿಡಿದಿದ್ದೆ. ಹನ್ನೆರಡು ವರ್ಷಗಳಿಂದ ಇದನ್ನು ಹೇಳಹೊರಟು, ಪ್ರತಿಸಲ ಬೇರೇನೋ ಮಾತಾಡಿ ಎದ್ದುಹೋಗಿದ್ದೇನೆ.

ನಾವು ಮದುವೆಯಾದ ಮೊದಲ ಬೇಸಗೆ. ರಜೆಯಲ್ಲಿ ಮಂಗಳೂರಿನಿಂದ ಮುಂಬಯಿಗೆ ಹಡಗಿನಲ್ಲಿ ಹೋಗುವ ಎಂದವನು ನಾನೇ — ಹೊಸ ಹೆಂಡತಿಯ ಮುಂದೆ ದೊಡ್ಡಸ್ತಿಕೆ. ಮುಂಬಯಿಯಲ್ಲಿ ನಮಗೆ ಏನೂ ಕೆಲಸವಿರಲಿಲ್ಲ. ಸಮುದ್ರದ ಮೇಲೆ ಇಬ್ಬರೇ ಇರುವುದೇ ಕೆಲಸ. ಬಂಟ್ವಾಳದಿಂದ ಹಡಗಿನ ವಿವರದ ಕಾಗದವೊಂದನ್ನು ತಂದುಕೊಟ್ಟೆ. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಬೆಳಿಗ್ಗೆ ನೀನು, "ಡೆಕ್ಕಿನಲ್ಲೇ ಹೋಗುವ, ಒಳ್ಳೆ ಗಾಳಿ ಉಂಟಂತೆ" ಅನ್ನುತ್ತಿದ್ದೆ. ನಾನು ಪುಂಜಾಲಕಟ್ಟೆಯ ಶಾಲೆಯಲ್ಲಿ ಪಾಠ ಮುಗಿಸಿ ಬಂದು ಅಂಗಿ ಕಳಚುವಷ್ಟರಲ್ಲಿ, "ಡೆಕ್ಕಿನಲ್ಲಿ ಎಲ್ಲರ ಎದುರು ನಿಮ್ಮ ಹತ್ತಿರ ಕೂತ್ಕೊಳ್ಳುವುದು ಹೇಗೆ? ಕ್ಯಾಬಿನೇ ಆಗ್ಬಹುದು." ಮರುದಿನ ಕ್ಯಾಬಿನಿನ ಕಿಟಕಿ — ದಡ ಕಾಣುವ ಕಡೆಯದೋ, ಕಾಣದ ಕಡೆಯದೋ? ಅದರ ಮರುದಿನ ಮತ್ತೆ ಡೆಕ್ಕು. ಹೀಗೆ ಮೂರು ವಾರ. ನನ್ನ ತಲೆ ಚಿಟ್ಟು ಹಿಡಿದುಹೋಯಿತು.

ಆದರೆ ನಿನಗೆ ಹೇಳದ ಮಾತೊಂದಿತ್ತು — ನನಗೆ ನೀರೆಂದರೆ ಭಯ. ಬಂದರಿನಲ್ಲಿ ಒಮ್ಮೆ ದೋಣಿ ಹತ್ತಿ, ಆಚೆ ದಡ ಮುಟ್ಟುವ ಮೊದಲೇ ಪಕ್ಕದವರ ಮಡಿಲಿಗೆ ವಾಂತಿ ಮಾಡಿದವನು ನಾನು. ನೀನು ಆರಿಸದೆ ಇದ್ದಷ್ಟು ದಿನ ನಾನು ಬಚಾವು. ಹಾಗಿದ್ದೂ ಆರಿಸುವುದಿಲ್ಲವೆಂದು ನಿನ್ನ ಮೇಲೆಯೇ ರೇಗುತ್ತಿದ್ದೆ.

ಕೊನೆಗೂ ನೀನು ಆರಿಸಿದೆ. "ಕ್ಯಾಬಿನ್. ಇನ್ನು ಬದಲಿಸುವುದಿಲ್ಲ. ಒಮ್ಮೆ ದೈವದ ಹತ್ತಿರ ಕೇಳಿ ಟಿಕೇಟು ಮಾಡಿಸುವ."

ಮನೆಯ ದೈವದ ಮುಂದೆ ಅಡಿಕೆ ಹೂವಿನ ಹಿಂಗಾರದಿಂದ ಎಸಳು ತೆಗೆದು ಎಣಿಸಬೇಕಾದವನು ಮನೆಯ ಗಂಡಸು, ಅಂದರೆ ನಾನು. ನಮ್ಮಲ್ಲಿ ಬೆಸ ಬಂದರೆ ಒಪ್ಪಿಗೆ, ಸರಿಸಂಖ್ಯೆ ಬಂದರೆ ಇಲ್ಲ. ನೀನು ಕೈಮುಗಿದು ಕಣ್ಣು ಮುಚ್ಚಿದ್ದೆ. ಒಂಬತ್ತು ಕಂಡಿತು. ಹೆಬ್ಬೆರಳು ತಾನಾಗಿ ಸರಿಯಿತು ಎಂದು ಬರೆಯಹೊರಟಿದ್ದೆ — ಇಲ್ಲ, ನಾನೇ ಸರಿಸಿದೆ. "ಎಂಟು" ಎಂದೆ.

ಅಷ್ಟಕ್ಕೆ ನಿಂತಿದ್ದರೂ... ನೀನು ಕೇಳಿದೆ, "ನನ್ನಿಂದ ಎಂತಾದ್ರೂ ತಪ್ಪಾಗಿದೆಯಾ?"

"ಆಗಿರ್ಬಹುದು" ಎಂದೆ. ಒಟ್ಟಿನಲ್ಲಿ ಆ ಮಾತು ಅಲ್ಲಿಗೆ ಮುಗಿದರೆ ಸಾಕಾಗಿತ್ತು ನನಗೆ.

ಆ ಸಂಜೆ ನೀನು ನನ್ನ ಅಮ್ಮನ ಕಾಲಿಗೆ ಬಿದ್ದು ಕ್ಷಮೆ ಕೇಳಿದೆ — ಯಾವುದೋ ಹಳೆಯ ಜಗಳಕ್ಕೆ. ಅದರಲ್ಲಿ ತಪ್ಪು ಅಮ್ಮನದೇ ಎಂದು ನನಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಆಮೇಲೆ ನೀನು ಮಂಗಳವಾರದ ಉಪವಾಸ ಹಿಡಿದೆ; ಇನ್ನೂ ಬಿಟ್ಟಿಲ್ಲ. ಕಳೆದ ತಿಂಗಳು ಮೂಡಬಿದಿರೆಯಿಂದ ಬಂದ ನಿನ್ನ ತಂಗಿ, ಈಚೆಗಷ್ಟೇ ಮದುವೆಯಾದ ಗಂಡನ ಜೊತೆ ಹಡಗಿನಲ್ಲಿ ಹೋಗಲೋ ಬೇಡವೋ ಎಂದು ಕೇಳಿದಾಗ ನೀನು, "ನೀನು ಹೋಗು. ನನಗೆ ಆ ಯೋಗ್ಯತೆ ಇರ್ಲಿಲ್ಲ" ಎಂದೆ. ನಗುತ್ತಲೇ ಅಂದೆ. ನಾನು ಪೇಪರು ಓದುವವನಂತೆ ಕೂತಿದ್ದೆ — ಥೂ, ನನ್ನ ಜನ್ಮಕ್ಕಿಷ್ಟು.

ನಾಳೆ ಮಂಗಳವಾರ. ನೀನು ಸ್ನಾನ ಮುಗಿಸಿ ದೈವದ ಮುಂದೆ ದೀಪ ಹಚ್ಚಲು ಬರುವಾಗ ಈ ಕಾಗದ ಹಿಡಿದು ನಾನು ಅಲ್ಲಿರುತ್ತೇನೆ. ನಿನ್ನಿಂದ ಯಾವ ತಪ್ಪೂ ಆಗಿರಲಿಲ್ಲ ಗಿರಿಜಾ. ದೈವ ಹೋಗಿ ಎಂದಿತ್ತು. ಬೇಡ ಎಂದವನು ನಾನು. ಇಷ್ಟನ್ನು ಹೇಳಿ, ನಿನಗೊಂದು ಬಟ್ಟಲು ಗಂಜಿ ಬಡಿಸಿ ಇಡುತ್ತೇನೆ. ಉಣ್ಣುವುದು ಬಿಡುವುದು ನಿನ್ನ ಇಷ್ಟ.